ಸೈದಾಪುರದ ಗಡಿಯಲ್ಲಿ ಪಾಲಿನ ಲೆಕ್ಕ

ಯಾದಗಿರಿಯಿಂದ ರಾಯಚೂರಿಗೆ ಹೊರಟ ಪ್ಯಾಸೆಂಜರ್ ರೈಲು ಸೈದಾಪುರ ದಾಟಿದ ಸ್ವಲ್ಪ ಹೊತ್ತಿಗೆ ಕರ್ನಾಟಕವನ್ನೇ ಬಿಟ್ಟುಹೋಗುತ್ತದೆ. ಮುಂದೆ ಸಿಗುವ ಕೃಷ್ಣಾ ನಿಲ್ದಾಣ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯದು. ಅಲ್ಲಿಂದ ಹೊರಟರೆ ಕೃಷ್ಣಾ ಹೊಳೆಯ ಮೇಲಿನ ಉದ್ದನೆಯ ಸೇತುವೆ, ಸೇತುವೆ ಮುಗಿದರೆ ಮತ್ತೆ ಕರ್ನಾಟಕ. ಒಂದೇ ಟಿಕೆಟ್ಟಿನಲ್ಲಿ ಎರಡು ಸಲ ರಾಜ್ಯದ ಗಡಿ ದಾಟಿದೆವೆಂದು ಬೋಗಿಯಲ್ಲಿ ಕೂತವರು ಯಾರೂ ಲೆಕ್ಕ ಹಾಕುವುದಿಲ್ಲ. ಹಳಿ ಹಾಕಿದವರಿಗೂ ಆ ಲೆಕ್ಕ ಇರಲಿಲ್ಲ, ಏಕೆಂದರೆ ಆಗ ಅಲ್ಲಿ ಗಡಿಯೇ ಇರಲಿಲ್ಲ.

ಹಳಿ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯಿಂದ. ಮುಂಬಯಿಯಿಂದ ಸೊಲ್ಲಾಪುರಕ್ಕೆ, ಅಲ್ಲಿಂದ ಕಲಬುರಗಿಗೆ, ವಾಡಿ–ಯಾದಗಿರಿ ಹಾದು ಕೃಷ್ಣೆಯನ್ನು ದಾಟಿ ಅದು ರಾಯಚೂರು ಮುಟ್ಟಿತು. ಆ ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿ ಗುಂತಕಲ್ಲಿನ ದಾರಿಯಲ್ಲಿ ರಾಯಚೂರಿಗೆ ಬಂತು. 1871ರಲ್ಲಿ ಎರಡೂ ಕೂಡಿದಾಗ ಮುಂಬಯಿ ಮತ್ತು ಮದರಾಸು ನೇರವಾಗಿ ಜೋಡಿಕೊಂಡವು. ಮೂರು ವರ್ಷದ ನಂತರ, 1874ರಲ್ಲಿ, ನಿಜಾಮರ ಹಣದಲ್ಲಿ ವಾಡಿಯಿಂದ ಹೈದರಾಬಾದಿಗೆ ಕವಲು ಹೋಯಿತು. ನೆಲ ನಿಜಾಮರದು, ಕಂಪನಿ ಇಂಗ್ಲಿಷರದು, ಹಳಿಗುಂಟದ ಪಟ್ಟಿಯ ಮೇಲಿನ ಅಧಿಕಾರವೂ ಇಂಗ್ಲಿಷರದೇ. ನಿಲ್ದಾಣದ ಒಳಗೆ ನಡೆಯುತ್ತಿದ್ದದ್ದು ಇಂಗ್ಲಿಷರ ಕಲ್ದಾರ್ ರೂಪಾಯಿ. ಹೊರಗಿನ ಸಂತೆಯಲ್ಲಿ ಸಂಸ್ಥಾನದ ಹಾಲಿ ಸಿಕ್ಕಾ. ಆರು ಕಲ್ದಾರಿಗೆ ಹೆಚ್ಚು ಕಡಿಮೆ ಏಳು ಹಾಲಿ. ಸಂಸ್ಥಾನದೊಳಗೆ ಬರುವ ಸರಕಿಗೆ, ಹೊರಗೆ ಹೋಗುವ ಸರಕಿಗೆ ಕರೋಡಗಿರಿಯವರು ಸುಂಕ ಎತ್ತುತ್ತಿದ್ದರು. ಅಂದರೆ ಈ ಸೀಮೆಯ ವ್ಯಾಪಾರಿಗೆ ಗಡಿ ಹೊಸದಲ್ಲ. ಅದು ಮೊದಲು ಇದ್ದದ್ದು ಅವನ ಗಲ್ಲಾಪೆಟ್ಟಿಗೆಯಲ್ಲಿ, ಆಮೇಲೆ ಬಂದದ್ದು ಅವನ ಹೊಲದಲ್ಲಿ.

ಸೈದಾಪುರದ ನಿಲ್ದಾಣಕ್ಕೆ ಬಹುಕಾಲ ಇದ್ದ ಹೆಸರು ನಾರಾಯಣಪೇಟೆ ರೋಡ್. ರೈಲು ಕಂಪನಿಗೆ ಬೇಕಾದದ್ದು ದೊಡ್ಡ ಪೇಟೆಯ ಹೆಸರು, ನಿಲ್ದಾಣ ಯಾವ ಹಳ್ಳಿಯಲ್ಲಿದೆ ಎಂಬುದು ಅದಕ್ಕೆ ಮುಖ್ಯವಲ್ಲ. ಈಶಾನ್ಯಕ್ಕಿದ್ದ ನಾರಾಯಣಪೇಟೆ ಆಗಲೇ ಹೆಸರಾದ ಪೇಟೆ. ಚೌಕಡಿ ಮೈ, ಅಗಲ ಅಂಚಿನ ಅಲ್ಲಿನ ಹತ್ತಿ ಮತ್ತು ರೇಷ್ಮೆ ಸೀರೆ ಇಂದಿಗೂ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿದೆ. ಶಿವಾಜಿಯ ದಂಡು ಬೀಡುಬಿಟ್ಟು ಹೋದಾಗ ಹಿಂದುಳಿದ ನೇಕಾರರು ಅಲ್ಲಿಯೇ ಮಗ್ಗ ಹೂಡಿದರೆಂಬ ಕತೆಯನ್ನು ಊರವರು ಹೇಳುತ್ತಾರೆ. ಕತೆ ನಿಜವೋ ಅಲ್ಲವೋ, ಅಂಚಿನಲ್ಲಿ ಮರಾಠಿ ಕೈ ಕಾಣುವುದು ನಿಜ. ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ನಡೆಯುವ ಆ ಪೇಟೆಗೆ ರೈಲಿನ ಬಾಗಿಲು ಸೈದಾಪುರ. ಇವತ್ತಿನ ನಕಾಶೆಯಲ್ಲಿ ನೋಡಿದರೆ ತೆಲಂಗಾಣದ ಒಂದು ಜಿಲ್ಲಾ ಕೇಂದ್ರದ ಹೆಸರನ್ನು ಹೊತ್ತ ನಿಲ್ದಾಣ ಕರ್ನಾಟಕದ ಒಂದು ಹೋಬಳಿಯಲ್ಲಿತ್ತು.

ಹಳಿಯ ಆಡಳಿತವೂ ರಾಜ್ಯಗಳ ಲೆಕ್ಕಕ್ಕೆ ಸಿಗದೆ ಉಳಿಯಿತು. ದಕ್ಷಿಣ ಮಧ್ಯ ರೈಲ್ವೆಯ ಅಡಿಯಲ್ಲಿ ದಶಕಗಳ ಕಾಲ ಯಾದಗಿರಿ, ಸೈದಾಪುರ, ರಾಯಚೂರಿನ ನಿಲ್ದಾಣಗಳು ಗುಂತಕಲ್ ವಿಭಾಗಕ್ಕೆ ಸೇರಿದ್ದವು. ವಲಯದ ಕಚೇರಿ ಸಿಕಂದರಾಬಾದಿನಲ್ಲಿ. ಸೈದಾಪುರದಲ್ಲಿ ಒಂದು ರೈಲು ನಿಲ್ಲಿಸಬೇಕೆಂದು ಕೇಳುವವರು ಅರ್ಜಿ ಹಿಡಿದು ಬೆಂಗಳೂರಿನತ್ತ ನೋಡಿದರೆ ಪ್ರಯೋಜನವಿರಲಿಲ್ಲ.

ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು. ಫಜಲ್ ಅಲಿ ಆಯೋಗದ ವರದಿಯ ಬೆನ್ನಲ್ಲೇ ಬಂದ ರಾಜ್ಯ ಪುನರ್ವಿಂಗಡಣಾ ಕಾಯಿದೆ ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿತು. ಕಲಬುರಗಿ ಜಿಲ್ಲೆ ಮೈಸೂರಿಗೆ ಬಂತು, ಆದರೆ ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕು ಆಂಧ್ರಕ್ಕೆ ಹೋದವು. ರಾಯಚೂರು ಬಂತು, ಗದ್ವಾಲ ಮತ್ತು ಆಲಂಪುರ ಹೋದವು. ನಾರಾಯಣಪೇಟೆಯನ್ನು ಒಳಗೊಂಡ ಮಖ್ತಲ್ ಸೀಮೆ ಮಹಬೂಬನಗರ ಜಿಲ್ಲೆಯ ಜೊತೆ ಆಂಧ್ರಕ್ಕೇ ಹೋಯಿತು. ತಾಲ್ಲೂಕನ್ನು ಅಖಂಡವಾಗಿ ಎತ್ತಿ ಇಡುವ ಈ ಹಂಚಿಕೆಯಲ್ಲಿ ಕೃಷ್ಣಾ, ಮಾಗನೂರು ಸುತ್ತಲಿನ ಕನ್ನಡದ ಹಳ್ಳಿಗಳು ಆಚೆಗೆ ಬಿದ್ದವು; ಈಚೆಗೆ ಬಿದ್ದ ತೆಲುಗು ಮಾತಿನ ಹಳ್ಳಿಗಳೂ ಸೈದಾಪುರ, ಗುರುಮಠಕಲ್ ಕಡೆ ಸಾಕಷ್ಟಿವೆ. ಬೆಳಗಾವಿ, ಕಾಸರಗೋಡಿನ ತಕರಾರಿಗೆ 1966ರಲ್ಲಿ ಮಹಾಜನ ಆಯೋಗ ಬಂತು. ಅದು ಮಹಾರಾಷ್ಟ್ರ, ಮೈಸೂರು, ಕೇರಳಗಳಿಗೆ ಸಂಬಂಧಿಸಿದ್ದು. ಆಂಧ್ರ–ಮೈಸೂರು ಗಡಿಯ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ, ಆದ್ದರಿಂದ ಯಾರೂ ಇತ್ತ ತಿರುಗಿ ನೋಡಲೂ ಇಲ್ಲ. ಗದ್ದಲವಿಲ್ಲದ ಗಡಿಗೆ ಒಂದು ಅನುಕೂಲವಿದೆ, ಬಸ್ಸಿನ ಗಾಜು ಒಡೆಯುವುದಿಲ್ಲ. ಅನನುಕೂಲ ಅದಕ್ಕಿಂತ ದೊಡ್ಡದು: ರಾಜಧಾನಿಯಲ್ಲಿ ಯಾರಿಗೂ ಅದರ ನೆನಪಿರುವುದಿಲ್ಲ.

ಆದರೆ ನಕಾಶೆಯಲ್ಲಿ ಎಳೆದಷ್ಟು ಸಲೀಸಾಗಿ ಕಾಲುವೆಯ ಮೇಲೆ ಗೆರೆ ಎಳೆಯಲು ಬರುವುದಿಲ್ಲ. ಇದಕ್ಕೆ ರಾಜೋಳಿಬಂಡೆಗಿಂತ ಒಳ್ಳೆಯ ಉದಾಹರಣೆ ಈ ಭಾಗದಲ್ಲಿ ಇನ್ನೊಂದಿಲ್ಲ.

ರಾಯಚೂರು ಜಿಲ್ಲೆಯ ಹಳೆಯ ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿ, ಎಡದಂಡೆಗೆ ಕಾಲುವೆ ತೋಡಿ, ಆಲಂಪುರ–ಗದ್ವಾಲದ ಬೆಂಗಾಡಿಗೆ ನೀರು ಕೊಡುವ ಯೋಜನೆಯನ್ನು ಹೈದರಾಬಾದ್ ಸರಕಾರ 1940ರ ದಶಕದಲ್ಲಿ ಕೈಗೆತ್ತಿಕೊಂಡಿತು. ಆಗ ಅದೆಲ್ಲ ಒಂದೇ ರಾಜ್ಯ, ಒಂದೇ ರಾಯಚೂರು ಜಿಲ್ಲೆ. ಕೆಲಸ ಮುಗಿಯುವ ಹೊತ್ತಿಗೆ ಜಿಲ್ಲೆಯೇ ಹೋಳಾಗಿತ್ತು. 143 ಕಿಲೋಮೀಟರ್ ಉದ್ದದ ಕಾಲುವೆಯ ಮೊದಲ 42 ಕಿಲೋಮೀಟರ್ ಮತ್ತು ಒಡ್ಡು ಕರ್ನಾಟಕದಲ್ಲಿ ಉಳಿದವು. ನೀರು ಉಣ್ಣಬೇಕಾದ 87,500 ಎಕರೆ ಆಂಧ್ರಕ್ಕೆ ಹೋಯಿತು. ಕರ್ನಾಟಕದ ಪಾಲಿಗೆ ಬಂದದ್ದು 5,879 ಎಕರೆ. ತೂಬಿನ ಕೀಲಿ ಒಬ್ಬರ ಕೈಯಲ್ಲಿ, ಹಸಿದ ಹೊಲ ಇನ್ನೊಬ್ಬರದು. ಮುಂದೆ ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಈ ಯೋಜನೆಗೆ 17.1 ಟಿಎಂಸಿ ಅಡಿ ನೀರು ಗುರುತಿಸಿ, ಅದರಲ್ಲಿ 15.9 ಆಂಧ್ರಕ್ಕೆ, 1.2 ಕರ್ನಾಟಕಕ್ಕೆ ಎಂದು ಬರೆಯಿತು.

ಬರೆದದ್ದೆಲ್ಲ ಕಾಲುವೆಯಲ್ಲಿ ಹರಿಯಲಿಲ್ಲ. ಮೇಲ್ಭಾಗದಲ್ಲಿ ಹೂಳು, ಒಡ್ಡಿನ ಕಲ್ಲು ಜಾರಿದ್ದು, ನಡುದಾರಿಯಲ್ಲಿ ಪಂಪುಸೆಟ್ಟು. ಆಲಂಪುರದ ಕೊನೆಭಾಗದ ರೈತನಿಗೆ ನೀರಿನ ಬದಲು ಸುದ್ದಿ ಮಾತ್ರ ಮುಟ್ಟುತ್ತಿತ್ತು. ಒಡ್ಡನ್ನು ಸರಿಪಡಿಸಿ ಎತ್ತರಿಸುವ ಮಾತು ಬಂದಾಗಲೆಲ್ಲ ಬಲದಂಡೆಯ ಕರ್ನೂಲು ಕಡೆಯಿಂದ ವಿರೋಧ ಬರುತ್ತಿತ್ತು. 2003ರಲ್ಲಿ ತೆಲಂಗಾಣ ಚಳವಳಿಯ ನಾಯಕ ಕೆ. ಚಂದ್ರಶೇಖರ ರಾವ್ ಆಲಂಪುರದಿಂದ ಗದ್ವಾಲಕ್ಕೆ ಪಾದಯಾತ್ರೆ ಹೊರಟದ್ದು ಇದೇ ಕಾಲುವೆಯ ಹೆಸರಿನಲ್ಲಿ. ಆ ಚಳವಳಿಗೆ ರಾಯಚೂರು ಜಿಲ್ಲೆಯ ಒಂದು ಒಡ್ಡು ಹೀಗೆ ಕಸುವು ಕೊಟ್ಟಿತು. ಇಷ್ಟಾದರೂ ಒಂದು ಪದ್ಧತಿ ಮಾತ್ರ ಮುರಿಯದೆ ನಡೆದು ಬಂದಿದೆ. ದುರಸ್ತಿಯ ಹಣವನ್ನು ಆಚೆ ರಾಜ್ಯ ಠೇವಣಿ ಇಡುತ್ತದೆ, ಕೆಲಸವನ್ನು ಕರ್ನಾಟಕದ ನೀರಾವರಿ ಇಲಾಖೆ ತನ್ನ ನೆಲದಲ್ಲಿ ಮಾಡಿಸುತ್ತದೆ. ಜಗಳದ ನಡುವೆಯೂ ಖಾತೆ ತೆರೆದೇ ಇರುತ್ತದೆ. ಕೊನೆಭಾಗದವರ ಸಂಕಟ ಮಾತ್ರ ಪೂರ್ತಿ ಹರಿಯಲಿಲ್ಲ. ತೆಲಂಗಾಣ 2018ರಲ್ಲಿ ತುಮ್ಮಿಳ್ಳದ ಏತ ನೀರಾವರಿಯಿಂದ ತುಂಗಭದ್ರೆಯ ನೀರನ್ನು ಕೆಳಗಿನಿಂದ ಎತ್ತಿ ಅದೇ ಕಾಲುವೆಯ ಬಾಲಕ್ಕೆ ಬಿಡತೊಡಗಿತು. ನೆರೆಯವರನ್ನು ಕಾದು ದಣಿದವರು ಕಂಡುಕೊಂಡ ದುಬಾರಿ ದಾರಿ ಅದು.

ತುಂಗಭದ್ರೆಯದೇ ದೊಡ್ಡ ಅಣೆಕಟ್ಟಿನ ಕತೆ ಇದಕ್ಕಿಂತ ನೇರವಾದದ್ದು. ಅಲ್ಲಿ ಪಾಲುದಾರರು ಮೊದಲಿನಿಂದಲೂ ಇಬ್ಬರು. ನಿಜಾಮ ಸರಕಾರ ಮತ್ತು ಮದ್ರಾಸ್ ಪ್ರಾಂತ್ಯ ದಶಕಗಳ ಕಾಲ ಪತ್ರ ಬರೆದಾಡಿ, 1944ರ ಜೂನ್‌ನಲ್ಲಿ ತಲಾ 65 ಟಿಎಂಸಿ ಅಡಿ ಎಂದು ಒಪ್ಪಿಕೊಂಡವು. 1945ರ ಫೆಬ್ರವರಿ 28ರಂದು ಎಡದಂಡೆಯಲ್ಲಿ ಬೇರಾರಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಅಡಿಗಲ್ಲು ಹಾಕಿದರು. ಒಂದು ಅಣೆಕಟ್ಟು, ಎರಡು ಅಡಿಗಲ್ಲು, ಎರಡು ಕಡೆಯ ಎಂಜಿನಿಯರರು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ರಾಷ್ಟ್ರಪತಿಗಳ ಆದೇಶದಿಂದ ತುಂಗಭದ್ರಾ ಮಂಡಳಿ ಬಂತು, ಇಂದಿಗೂ ಹೊಸಪೇಟೆಯ ಟಿ.ಬಿ. ಡ್ಯಾಮಿನಿಂದ ಕೆಲಸ ಮಾಡುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ರಾಯಚೂರಿನಿಂದ ಕರ್ನೂಲಿನವರೆಗೆ ನಾಟಿಯಾದ ಗದ್ದೆ. ಆಗ ಹರಿವ ನೀರಿನಲ್ಲೇ ತಡೆಹಲಗೆ ಇಳಿಸುವ ಉಪಾಯಕ್ಕೆ ಮುಂದೆ ನಿಂತವರು ಆಂಧ್ರದ ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು. ಹಲಗೆಗಳು ತಯಾರಾದದ್ದು ಕರ್ನಾಟಕದ ಕಾರ್ಖಾನೆಗಳಲ್ಲಿ. ಒಂದು ವಾರದಲ್ಲಿ ಬಾಯಿ ಮುಚ್ಚಿತು. ಇಂಥ ಹೊತ್ತಿನಲ್ಲಿ ಯಾರನ್ನು ಕರೆಯಬೇಕು, ಯಾರು ಹಣ ಕೊಡಬೇಕು ಎಂಬುದು ಮೊದಲೇ ಗೊತ್ತಿದ್ದರೆ ಎಷ್ಟು ಸಮಯ ಉಳಿಯುತ್ತದೆ ಎಂಬುದನ್ನು ಆ ವಾರ ತೋರಿಸಿತು.

ಕೃಷ್ಣೆಯ ಮೇಲೆ ಕರ್ನಾಟಕವನ್ನು ಒಳಗೊಂಡ ಅಂಥ ಮಂಡಳಿ ಇಲ್ಲ. ಅಲ್ಲಿರುವುದು ನ್ಯಾಯಮಂಡಳಿಯ ತೀರ್ಪು. 1969ರಲ್ಲಿ ನೇಮಕವಾದ ಬಚಾವತ್ ಮಂಡಳಿ 1973ರಲ್ಲಿ ವರದಿ ಕೊಟ್ಟು, 1976ರಲ್ಲಿ ಅದನ್ನು ಪೂರ್ತಿಗೊಳಿಸಿತು: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಅಡಿ. ಸುರಪುರ, ಶಹಾಪುರದ ಕರಿಮಣ್ಣಿಗೆ ಭತ್ತ ಬಂದದ್ದು ಈ 700ರ ಬಲದಿಂದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರ 1982ರಲ್ಲಿ ಸಿದ್ಧವಾಯಿತು; ಅದರ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆಗಳು ಜೋಳ–ತೊಗರಿಯ ಹೊಲವನ್ನು ಗದ್ದೆ ಮಾಡಿದವು. ಸೈದಾಪುರ ಭೀಮೆಯ ಆಚೆ ದಂಡೆಯ ಊರು, ಈ ನೀರು ಅಲ್ಲಿಗೆ ಬರುವುದಿಲ್ಲ. ಒಂದೇ ಜಿಲ್ಲೆಯೊಳಗೂ ಹೊಳೆ ಒಂದು ಗಡಿ.

ಬಸವಸಾಗರದಿಂದ ಬಿಟ್ಟ ನೀರು ಕಡ್ಲೂರು–ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡು, ಶಕ್ತಿನಗರ ದಾಟಿ ತೆಲಂಗಾಣದ ಜುರಾಲಾ ಜಲಾಶಯದಲ್ಲಿ ನಿಲ್ಲುತ್ತದೆ. 1995ರಲ್ಲಿ ನೀರು ಕಂಡ ಜುರಾಲಾದ ಹಿನ್ನೀರು ರಾಯಚೂರು ತಾಲ್ಲೂಕಿನ ನದಿತೀರವನ್ನೂ ಮುಟ್ಟುತ್ತದೆ. ಜುರಾಲಾದಲ್ಲಿ ಕಟ್ಟಿದ 234 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರದ ಒಪ್ಪಂದ ಸರಳವಾದದ್ದು: ಖರ್ಚು ಅರ್ಧ–ಅರ್ಧ, ಕರೆಂಟೂ ಅರ್ಧ–ಅರ್ಧ. ತಲಾ 39 ಮೆಗಾವ್ಯಾಟಿನ ಆರು ಯಂತ್ರಗಳು 2008ರಿಂದ ಒಂದೊಂದಾಗಿ ತಿರುಗಿದವು. ಕೃಷ್ಣೆಯ ನೀರಿಗಾಗಿ ದೆಹಲಿಯಲ್ಲಿ ಕೋಟಿಗಟ್ಟಲೆ ಸುರಿದು ವಾದಿಸುತ್ತಿದ್ದ ಎರಡು ಸರಕಾರಗಳು ಅದೇ ನೀರಿನಿಂದ ಬಂದ ವಿದ್ಯುತ್ತನ್ನು ಸದ್ದಿಲ್ಲದೆ ಹಂಚಿಕೊಳ್ಳುತ್ತಿದ್ದವು. ಪತ್ರಿಕೆಗಳಲ್ಲಿ ವಾದ ಮುಖಪುಟಕ್ಕೆ ಬಂದಷ್ಟು ಹಂಚಿಕೆ ಒಳಪುಟಕ್ಕೂ ಬರಲಿಲ್ಲ.

2019ರ ಬೇಸಗೆ ಇನ್ನೊಂದು ಪರೀಕ್ಷೆ. ಮಹಬೂಬನಗರದ ಕಡೆ ಕುಡಿಯುವ ನೀರಿಗೆ ಕಷ್ಟವಾಗಿ, ತೆಲಂಗಾಣದ ಮುಖ್ಯಮಂತ್ರಿ ಕೇಳಿಕೊಂಡ ಮೇಲೆ ಕರ್ನಾಟಕದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ನಾರಾಯಣಪುರದಿಂದ ಜುರಾಲಾಕ್ಕೆ 2.5 ಟಿಎಂಸಿ ಅಡಿ ನೀರು ಬಿಡಲು ಒಪ್ಪಿದರು. ಮೇ ತಿಂಗಳು, ಎರಡೂ ಕಡೆ ಕೊಡ ಖಾಲಿ. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಅಣೆಕಟ್ಟಿನ ಗೇಟುಗಳಿಂದ ಸೆಕೆಂಡಿಗೆ ಆರು ಲಕ್ಷ ಘನ ಅಡಿಯ ಆಸುಪಾಸು ನೀರು ಹೊರಬಿತ್ತು. ಹುಣಸಗಿ ತಾಲ್ಲೂಕಿನ ನೀಲಕಂಠರಾಯನ ಗಡ್ಡಿ ಸಂಪರ್ಕ ಕಡಿದುಕೊಂಡು ಕೂತಿತು. ಬರಗಾಲದಲ್ಲಿ ಮುಖ್ಯಮಂತ್ರಿಗಳ ಮಾತುಕತೆ ಬೇಕಾಗುತ್ತದೆ, ಪ್ರವಾಹದಲ್ಲಿ ಎಂಜಿನಿಯರರ ಫೋನು ಸಾಕಾಗುತ್ತದೆ ಎಂಬುದು ಈ ಹೊಳೆಯ ರೂಢಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಪೂರದಲ್ಲಿ ರಾಯಚೂರಿನ ಹಳ್ಳಿಗಳು, ಮಂತ್ರಾಲಯ, ಕೊನೆಗೆ ಕರ್ನೂಲು ನಗರವೇ ಮುಳುಗಿದ್ದನ್ನು ಕಂಡವರು ಆ ಫೋನಿನ ಬೆಲೆಯನ್ನು ಬಲ್ಲರು.

ಸರಕಾರಗಳ ಒಪ್ಪಂದಕ್ಕಿಂತ ಹಳೆಯ ಒಪ್ಪಂದವೊಂದು ಹರಗೋಲಿನದು. ಕೃಷ್ಣೆಯ ನಡುಗಡ್ಡೆಯಾದ ಕುರುವಪುರ, ಜನರ ಬಾಯಲ್ಲಿ ಕುರುಗಡ್ಡಿ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಅದು ರಾಯಚೂರು ಜಿಲ್ಲೆಗೆ ಸೇರಿದ್ದು. ಆದರೆ ಮಹಾರಾಷ್ಟ್ರದಿಂದ, ಹೈದರಾಬಾದಿನಿಂದ ಬರುವ ದತ್ತಭಕ್ತರಲ್ಲಿ ಅನೇಕರು ತೆಲಂಗಾಣದ ಮಖ್ತಲ್ ಕಡೆಯ ಪಂಚದೇವ ಪಹಾಡಕ್ಕೆ ಬಂದು, ಅಲ್ಲಿಂದ ಹೊಳೆ ದಾಟುತ್ತಾರೆ. ದೇವರು ಒಂದು ರಾಜ್ಯದಲ್ಲಿ, ಸೋಪಾನ ಇನ್ನೊಂದರಲ್ಲಿ. ಹತ್ತಿರದ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನಕ್ಕೆ ಶಾಲೆ, ಆಸ್ಪತ್ರೆ, ಸಂತೆ ಎಲ್ಲಕ್ಕೂ ತೆಪ್ಪವೇ ದಾರಿ. ಸೇತುವೆಯ ಭರವಸೆ ಚುನಾವಣೆಗೊಮ್ಮೆ ಬಂದುಹೋಗಿದೆ. ರಸ್ತೆಗೆ ಇಲ್ಲಿ ಇದ್ದದ್ದು ಒಂದೇ ದೊಡ್ಡ ಆಸರೆ: ನಿಜಾಮರ ಕಾಲದಲ್ಲಿ ದೇವಸೂಗೂರಿನ ಬಳಿ ಕಟ್ಟಿ, 1940ರ ದಶಕದ ಆರಂಭದಲ್ಲಿ ಮುಗಿದ ಸಿರಾತ್–ಎ–ಜೂದಿ ಸೇತುವೆ. ರಾಯಚೂರನ್ನು ಹೈದರಾಬಾದಿಗೆ ಕಟ್ಟಿಹಾಕಿದ ಆ ಕಮಾನುಗಳ ಒಂದು ತುದಿ ಈಗ ಕರ್ನಾಟಕದಲ್ಲಿದೆ, ಇನ್ನೊಂದು ತೆಲಂಗಾಣದಲ್ಲಿ. ಅದರ ಮೇಲೆ ಹೊಂಡ ಬಿದ್ದರೆ ಎರಡೂ ಜಿಲ್ಲೆಯ ಬಸ್ಸುಗಳು ಸುತ್ತಿ ಬರಬೇಕು.

ಗೆರೆಯ ಎರಡೂ ಬದಿ ಬಡತನ ಮಾತ್ರ ಒಂದೇ ಬಣ್ಣದ್ದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಇದ್ದವು. 39ರಲ್ಲಿ 21 ಕಲಬುರಗಿ ವಿಭಾಗದವೇ. 2009ರ ಡಿಸೆಂಬರ್ ಕೊನೆಗೆ ಈ ಮೂರು ತಾಲ್ಲೂಕು ಸೇರಿಸಿ ಯಾದಗಿರಿ ಜಿಲ್ಲೆ ಮಾಡಿದರು. 2018ರಲ್ಲಿ ಕೇಂದ್ರ ಸರಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ಯಾದಗಿರಿ ಮತ್ತು ರಾಯಚೂರು ಮಾತ್ರ. ಆಚೆಗೆ 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಯಿತು; ಅದರ ನರ್ವ ಮಂಡಲ ಮಹತ್ವಾಕಾಂಕ್ಷಿ ಬ್ಲಾಕುಗಳ ಪಟ್ಟಿಗೆ ಬಂತು. ಈ ಕಡೆಯವರು ಗುಳೆ ಹೋಗುವುದು ಬೆಂಗಳೂರು, ಹೈದರಾಬಾದ್, ಮುಂಬಯಿ, ಪುಣೆಗೆ. ಆ ಕಡೆಯ ಪಾಲಮೂರಿನ, ಅಂದರೆ ಮಹಬೂಬನಗರದ, ಕೂಲಿಗಳು ದೇಶದ ಎಷ್ಟೋ ಅಣೆಕಟ್ಟುಗಳಿಗೆ ಕಲ್ಲು ಹೊತ್ತವರೆಂದು ಹೆಸರಾದವರು. ಊರು ಬಿಡುವ ಜನ ಹತ್ತುವ ರೈಲೂ ಎಷ್ಟೋ ಸಲ ಒಂದೇ.

ಮದ್ದೂ ಒಂದೇ ಅಂಗಡಿಯದು. 1969 ಮತ್ತು 1972ರ ಚಳವಳಿಗಳ ನಂತರ ಆಂಧ್ರಕ್ಕೆ ಸಂವಿಧಾನದ 371ಡಿ ವಿಧಿ ಬಂತು, 1974ರಿಂದ ಜಾರಿಯಾಯಿತು. ಅದನ್ನು ನೋಡಿಯೇ ಈ ಭಾಗದ ಹೋರಾಟಗಾರರು ದಶಕಗಳ ಕಾಲ ತಮಗೂ ಅಂಥದ್ದು ಬೇಕೆಂದು ಕೇಳಿದರು. 2012ರಲ್ಲಿ ಸಂಸತ್ತು 98ನೆಯ ತಿದ್ದುಪಡಿ ಒಪ್ಪಿ, 371ಜೆ ಜಾರಿಯಾಗಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಕಾಲೇಜು ಸೀಟು ಮತ್ತು ನೌಕರಿಯಲ್ಲಿ ಮೀಸಲು ಬಂದವು. ನೆರೆಯವರ ಪಾಠವನ್ನು ಇಷ್ಟು ಚೆನ್ನಾಗಿ ಓದಿಕೊಂಡದ್ದು ಕಡಿಮೆ. ಆದರೆ ಒಂದು ವಿಚಿತ್ರ ನೋಡಿ: ಎರಡೂ ವಿಧಿಗಳು ಗಡಿಯವರೆಗೆ ಬಂದು ನಿಂತು ಬೆನ್ನು ತಿರುಗಿಸುತ್ತವೆ. ಕಲಬುರಗಿಯ ಮಂಡಳಿಯ ಹಣ ಕೃಷ್ಣಾ ಮಂಡಲದ ಕನ್ನಡದ ಹಳ್ಳಿಗೆ ದಾಟುವುದಿಲ್ಲ, ನಾರಾಯಣಪೇಟೆಯ ಯೋಜನೆಯಲ್ಲಿ ಸೈದಾಪುರದ ನಿಲ್ದಾಣಕ್ಕೆ ಜಾಗವಿಲ್ಲ. ಕೃಷ್ಣಾ, ಮಾಗನೂರಿನ ಕಡೆ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳನ್ನು ತೆಲಂಗಾಣ ನಡೆಸಿಕೊಂಡು ಬಂದಿದೆ. 2010ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡಕ್ಕೂ ಕೈಚಾಚುವ ಒಂದು ಸಂಸ್ಥೆ. ಅಷ್ಟರ ಮಟ್ಟಿಗೆ ಭಾಷೆಗೆ ಇರುವ ಸೇತುವೆ ಬೀದಿದೀಪಕ್ಕೆ, ಚರಂಡಿಗೆ, ಕಸಕ್ಕೆ ಇಲ್ಲ.

ಚರಂಡಿಯ ಮಾತು ಬಂದದ್ದರಿಂದ ದೂರದ ಒಂದು ಉದಾಹರಣೆ ಹೇಳಬೇಕು. ಯುರೋಪಿನ ಉತ್ತರ ಭಾಗದಲ್ಲಿ ಟೋರ್ನೆ ಹೊಳೆಯ ಎರಡು ಬದಿ ಎರಡು ಪುಟ್ಟ ಪಟ್ಟಣಗಳಿವೆ, ಫಿನ್ಲೆಂಡಿನ ಟೋರ್ನಿಯೊ ಮತ್ತು ಸ್ವೀಡನ್ನಿನ ಹಪರಂಡ. 1809ರಲ್ಲಿ ಫಿನ್ಲೆಂಡ್ ರಷ್ಯದ ಪಾಲಾದಾಗ ಟೋರ್ನಿಯೊ ಆಚೆಗೆ ಹೋಯಿತು. ಈಚೆಗೆ ಹಪರಂಡ ಬೆಳೆಯಿತು. ರಾಜಧಾನಿಗಳಿಂದ ದೂರ, ಜನ ಕಡಿಮೆ, ಖಜಾನೆ ತೆಳ್ಳಗೆ. 1970ರ ದಶಕದಿಂದ ಎರಡೂ ಊರಿನ ಕೊಳಚೆ ನೀರು ಒಂದೇ ಘಟಕದಲ್ಲಿ ಶುದ್ಧವಾಗುತ್ತಿದೆ. 1987ರಲ್ಲಿ ಎರಡು ಪುರಸಭೆಗಳು ಪ್ರೊವಿನ್ಸಿಯಾ ಬೋತ್ನಿಯೆನ್ಸಿಸ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ದೇಶ ಬೇರೆ, ನಾಣ್ಯ ಬೇರೆ, ಗಡಿಯಾರ ಕೂಡ ಒಂದು ಗಂಟೆ ಬೇರೆ. ಒಂದೇ ದೇಶದ, ಒಂದೇ ನಾಣ್ಯದ ಸೈದಾಪುರ–ನಾರಾಯಣಪೇಟೆಗೆ ಅಂಥದ್ದೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಾಯಿದೆಯ ಪುಸ್ತಕಗಳಲ್ಲೇ ಇದೆ. 1956ರ ಕಾಯಿದೆಯೇ ವಲಯ ಪರಿಷತ್ತುಗಳನ್ನು ಹುಟ್ಟುಹಾಕಿತು. ಅಲ್ಲಿ ಕೂರುವವರು ಮುಖ್ಯಮಂತ್ರಿಗಳು, ಮಂತ್ರಿಗಳು. ಅದೇ ವರ್ಷದ ನದಿ ಮಂಡಳಿಗಳ ಕಾಯಿದೆಯ ಅಡಿಯಲ್ಲಿ ಇದುವರೆಗೆ ಒಂದು ಮಂಡಳಿಯೂ ರಚನೆಯಾಗಿಲ್ಲ. 74ನೆಯ ತಿದ್ದುಪಡಿ ತಂದ ಜಿಲ್ಲಾ ಯೋಜನಾ ಸಮಿತಿ ಹೆಸರೇ ಹೇಳುವಂತೆ ಜಿಲ್ಲೆಯದು. ಪಟ್ಟಣ ಪಂಚಾಯಿತಿಯ ಅಧ್ಯಕ್ಷರು ಗಡಿಯಾಚೆಯ ಪುರಸಭೆಯ ಅಧ್ಯಕ್ಷರ ಜೊತೆ ಚಹಾ ಕುಡಿಯಬಹುದು, ಕಡತ ತೆರೆಯಲು ಜಾಗವಿಲ್ಲ.

ಇದರ ಬೆಲೆ ಏನೆಂದು ಸೈದಾಪುರದ ಸುತ್ತಲೇ ನೋಡಬಹುದು. 2011ರ ಆಸುಪಾಸು ಹತ್ತಿರದ ಕಡೇಚೂರು ಮತ್ತು ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು 3,200 ಎಕರೆಗೂ ಹೆಚ್ಚು ಜಮೀನು ಸ್ವಾಧೀನವಾಯಿತು. ಜಾಗ ಆರಿಸಿದ ಕಾರಣ ಸ್ಪಷ್ಟ: ರೈಲು ಪಕ್ಕದಲ್ಲಿ, ಹೊಳೆ ದೂರವಿಲ್ಲ, ಹೈದರಾಬಾದಿನ ಔಷಧ ಉದ್ಯಮ ಕೈಗೆಟುಕುವಷ್ಟು ಹತ್ತಿರ. ರೈಲು ಬೋಗಿಯ ಚೌಕಟ್ಟು ಮಾಡುವ ಘಟಕವೂ ಬಂತು. ಔಷಧ ಮತ್ತು ರಾಸಾಯನಿಕ ಘಟಕಗಳು ಬಂದ ಮೇಲೆ ಹಳ್ಳಿಗಳಿಂದ ವಾಸನೆಯ ದೂರು, ಹಳ್ಳಕ್ಕೆ ಬಿಟ್ಟ ನೀರಿನ ದೂರು, ಪ್ರತಿಭಟನೆ ಒಂದರ ಹಿಂದೆ ಒಂದು. ನೌಕರಿಗೆಂದು ಭೂಮಿ ಕೊಟ್ಟವರಲ್ಲಿ ಗುಳೆ ನಿಲ್ಲಲಿಲ್ಲ ಎಂಬ ಅಸಮಾಧಾನ ಬೇರೆ. ಗಡಿಯಾಚೆ ನಾರಾಯಣಪೇಟೆ ಜಿಲ್ಲೆಯ ಮರಿಕಲ್ ಮಂಡಲದ ಚಿತ್ತನೂರಿನಲ್ಲಿ ಎಥನಾಲ್ ಕಾರ್ಖಾನೆಯ ವಿರುದ್ಧ ರೈತರು ಎದ್ದರು. 2023ರ ಅಕ್ಟೋಬರಿನಲ್ಲಿ ಅದು ಪೊಲೀಸರೊಡನೆ ಘರ್ಷಣೆಯವರೆಗೆ ಹೋಯಿತು. ಎರಡೂ ಕಡೆಯವರ ಬೇಡಿಕೆ ಹತ್ತಿರ ಹತ್ತಿರ ಒಂದೇ: ಹಳ್ಳದ ನೀರು ಪರೀಕ್ಷಿಸಿ, ಫಲಿತಾಂಶ ಹೇಳಿ. ಈ ಕಡೆಯವರು ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುತ್ತಾರೆ, ಆ ಕಡೆಯವರು ತೆಲಂಗಾಣದ ಮಂಡಳಿಗೆ. ಎರಡೂ ಕಡೆಯ ಹಳ್ಳಗಳು ಕೊನೆಗೆ ಹೋಗಿ ಸೇರುವ ಹೊಳೆ ಒಂದೇ.

ಹಣದ ಹಾದಿಯಲ್ಲಿ ಗಡಿ ಮತ್ತೆ ಗಟ್ಟಿಯಾಗುತ್ತದೆ. 2021ರಲ್ಲಿ ರಾಯಚೂರಿನ ಶಾಸಕರೊಬ್ಬರು ತಮ್ಮ ಊರನ್ನು ತೆಲಂಗಾಣಕ್ಕೇ ಸೇರಿಸಿಬಿಡಿ ಎಂದು ವೇದಿಕೆಯ ಮೇಲೆ ಆಡಿದ ಮಾತು ದೊಡ್ಡ ಸುದ್ದಿಯಾಯಿತು. ರೈತಬಂಧು ನೆರವು, ಉಚಿತ ಕರೆಂಟು ಆಚೆ ಹೊಲದಲ್ಲಿ ಕಾಣುತ್ತಿದ್ದಾಗ ಅದು ಬರಿಯ ಹಾಸ್ಯವಾಗಿರಲಿಲ್ಲ. 2024ರ ಮುಂಗಾರಿನಲ್ಲಿ ತೆಲಂಗಾಣ ಸಣ್ಣ ಭತ್ತಕ್ಕೆ ಕ್ವಿಂಟಲಿಗೆ 500 ರೂಪಾಯಿ ಬೋನಸ್ ಕೊಟ್ಟಾಗ ಈ ಕಡೆಯ ಭತ್ತ ಆ ಕಡೆಗೆ ವಾಲಿತು, ಆ ಕಡೆಯ ಚೆಕ್‌ಪೋಸ್ಟುಗಳು ಲಾರಿ ತಡೆದವು. ಕರೋಡಗಿರಿ ಹೋಗಿ ಮುಕ್ಕಾಲು ಶತಮಾನ ಕಳೆದ ಮೇಲೂ ಚೀಲ ಎಣಿಸುವವರು ಅದೇ ದಾರಿಯಲ್ಲಿ ನಿಂತಿದ್ದರು.

ಇಷ್ಟರ ನಡುವೆ ಹಳಿ ಮಾತ್ರ ಇನ್ನೊಂದು ಹೆಜ್ಜೆ ಇಟ್ಟಿದೆ. ಮಹಬೂಬನಗರದಿಂದ ಮುನಿರಾಬಾದಿಗೆ ಹೊಸ ಮಾರ್ಗ 1990ರ ದಶಕದ ಕೊನೆಗೆ ಮಂಜೂರಾದದ್ದು. ದೇವರಕದ್ರ, ಮಖ್ತಲ್, ಕೃಷ್ಣಾ, ರಾಯಚೂರು, ಸಿಂಧನೂರು, ಗಂಗಾವತಿ ಹಾದು ಗಿಣಿಗೇರಿ ಮುಟ್ಟುವ ಈ ಹಾದಿ ಎರಡೂ ಬಡ ಸೀಮೆಗಳನ್ನು ಅಡ್ಡಡ್ಡ ಹೊಲಿಯುತ್ತದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಣ 37 ಕಿಲೋಮೀಟರ್ ಸಿದ್ಧವಾಗಿ, ಕಾಚಿಗುಡ–ರಾಯಚೂರು ರೈಲು ಓಡಿತು. ಹೈದರಾಬಾದಿನಿಂದ ಗೋವೆಗೆ 102 ಕಿಲೋಮೀಟರ್ ಕಡಿಮೆಯಾಗುತ್ತದೆಂದು ರೈಲ್ವೆ ಹೇಳಿಕೊಂಡಿತು. ಅದಕ್ಕೂ ಮೊದಲೇ ಗದ್ವಾಲ–ರಾಯಚೂರು ಮಾರ್ಗ ತೆರೆದಿತ್ತು. ಅಂದರೆ 1956ರಲ್ಲಿ ರಾಯಚೂರಿನಿಂದ ಬೇರೆಯಾದ ಗದ್ವಾಲ, ಮಹಬೂಬನಗರದ ಜೊತೆಗಿದ್ದ ಮಖ್ತಲ್, ಎರಡೂ ಈಗ ರೈಲಿನಿಂದ ರಾಯಚೂರಿಗೆ ಕೂಡಿಕೊಂಡಿವೆ. ಹೈದರಾಬಾದಿಗೆ ವಾಡಿ ಸುತ್ತಿ ಹೋಗಬೇಕಾದ ಅನಿವಾರ್ಯತೆಯೂ ಕೃಷ್ಣಾದಿಂದ ಮುಂದಕ್ಕೆ ತಪ್ಪಿದೆ. ಇದರಿಂದ ಸೈದಾಪುರಕ್ಕೆ ಲಾಭವೋ ನಷ್ಟವೋ ಎಂಬುದು ಅಲ್ಲಿನ ಅಡತ್ ಅಂಗಡಿಗಳ ಹೊಸ ಚರ್ಚೆ: ನಾರಾಯಣಪೇಟೆ, ಮಖ್ತಲಿನ ಸರಕಿಗೆ ಒಂದೂವರೆ ಶತಮಾನ ಬಾಗಿಲಾಗಿದ್ದ ನಿಲ್ದಾಣದ ಪಕ್ಕದಲ್ಲೇ ಆಚೆಯವರಿಗೆ ಅವರದೇ ಬಾಗಿಲು ತೆರೆದಿದೆ.